ಬಹುಮಾನದ ಮೂಳೆಗೆ ಬಿದ್ದ ಹಲ್ಲು

ಆ ನಾಯಿ ಪಾರ್ಕಿಗೆ ಎರಡು ಗೇಟು. ಮೊದಲನೆಯದನ್ನು ದಾಟಿ, ಚಿಲಕ ಹಾಕಿ, ಆಮೇಲೆ ಎರಡನೆಯದನ್ನು ತೆಗೆಯಬೇಕು. ನಾಯಿಗಳು ತಪ್ಪಿಸಿಕೊಂಡು ರಸ್ತೆಗೆ ಓಡಬಾರದೆಂದು ಈ ಏರ್ಪಾಡು ಎಂದು ಅಲ್ಲಿಯ ಫಲಕ ಹೇಳುತ್ತದೆ. ಹಲ್ಲು ಕಟ್ಟುವವಳು ಅದನ್ನು ನಂಬುವುದಿಲ್ಲ. ಒಳಗಿರುವ ಜನ ತಪ್ಪಿಸಿಕೊಂಡು ಹೊರಗೆ ಬಂದರೆ ಊರಿನ ಗತಿಯೇನು ಎಂದು ದೂರಾಲೋಚನೆ ಮಾಡಿದ ಯಾರೋ ಪುಣ್ಯಾತ್ಮ ಇದನ್ನು ಕಟ್ಟಿಸಿರಬೇಕು ಎಂಬುದು ಅವಳ ಅಭಿಪ್ರಾಯ.

ಹಲ್ಲು ಕಟ್ಟುವವಳು ಎಂದರೆ ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಬಾಯಿ ತೆರೆಸಿ ಅಚ್ಚು ತೆಗೆಯುತ್ತಾರೆ. ಆ ಅಚ್ಚಿನಿಂದ ಎರೆದ ಬಿಳಿ ಪ್ಲಾಸ್ಟರಿನ ದವಡೆ ರಟ್ಟಿನ ಡಬ್ಬಿಯೊಂದರಲ್ಲಿ ಕೂತು, ತಲೆಯ ಮೇಲೊಂದು ನಂಬರು ಹೊತ್ತು, ಇವಳ ಮೇಜಿಗೆ ಬರುತ್ತದೆ. ಹೆಸರಿಲ್ಲ, ಮುಖವಿಲ್ಲ, ನಂಬರು ಮಾತ್ರ. ಅದಕ್ಕೆ ತಕ್ಕ ಹಲ್ಲನ್ನು ಇವಳು ಕಟ್ಟಿ ಕಳಿಸುತ್ತಾಳೆ. ಕಟ್ಟಿದರೆ ಹೇಗೆ? ಅವಳು ಕಟ್ಟಿದ ಹಲ್ಲನ್ನು ನೋಡಿ ಪಕ್ಕದ ಹುಟ್ಟುಹಲ್ಲು ನಾಚಿ ತಾನಾಗಿ ಉದುರಿದ್ದುಂಟು. ಅವಳ ಹಲ್ಲು ಹಾಕಿಕೊಂಡ ಎಪ್ಪತ್ತೆಂಟರ ಮುದುಕನೊಬ್ಬ ಮೂರನೇ ಮದುವೆಯಾದ. ಚುನಾವಣೆಗೆ ನಿಂತ ಒಬ್ಬನಂತೂ ಭಾಷಣವನ್ನೇ ಮಾಡದೆ ಬರೀ ನಕ್ಕು ಗೆದ್ದ. ಊರಿನ ಅರ್ಧ ಜನ ಅವಳ ಹಲ್ಲಿನಿಂದ ಉಣ್ಣುತ್ತಾರೆ. ಉಳಿದರ್ಧ ಜನ ಸರದಿಯಲ್ಲಿದ್ದಾರೆ. ಇದರಲ್ಲಿ ಒಂದು ಅಕ್ಷರ ಹೆಚ್ಚಾಗಿದ್ದರೆ ಕೇಳಿ.

ಡಾಕ್ಟರದು ಒಂದೇ ಷರತ್ತು. "ನೋಡಮ್ಮ, ಮೇಜಿಗೆ ಬಂದ ಬಾಯಿ ಮೇಜು ಬಿಟ್ಟು ಆಚೆ ಹೋಗಬಾರದು. ಯಾರ ಬಾಯಲ್ಲಿ ಏನಿದೆ ಅಂತ ಹೊರಗೆ ಒಂದು ಮಾತು ಬಿತ್ತೋ, ಆವತ್ತಿಗೆ ನಿನ್ನ ಕೆಲಸ ಮುಗೀತು."

ಹನ್ನೊಂದು ವರ್ಷಗಳಿಂದ ಅವಳು ತುಟಿ ಪಿಟಕ್ಕೆಂದಿಲ್ಲ. ಆದರೆ ತುಟಿ ಮುಚ್ಚಿಸಬಹುದು, ಕಣ್ಣು ಮುಚ್ಚಿಸಲಾದೀತೆ? ಬಸ್ಸಿನಲ್ಲಿ ಯಾರೋ ಆಕಳಿಸಿದರೆ ಅವಳಿಗೆ "ಓಹೋ, ಮುನ್ನೂರ ಹನ್ನೆರಡು" ಎಂದು ಹೊಳೆಯುತ್ತದೆ. ತನ್ನ ಕೈಕೆಲಸವನ್ನು ಅವಳು ನೂರು ಮಾರು ದೂರದಿಂದ, ಮಂಜಿನಲ್ಲಿ, ಅದೂ ಅವರು ಬೆನ್ನು ತಿರುಗಿಸಿ ನಕ್ಕರೂ ಗುರುತಿಸುತ್ತಾಳೆ.

ಇಂಥವಳ ಮನೆಯಲ್ಲಿ ಅತ್ತೆಗೆ ಒಂದು ಹಲ್ಲೂ ಇಲ್ಲ. ಕಟ್ಟಿಕೊಡುತ್ತೇನೆಂದು ಸೊಸೆ ಗೋಗರೆದಾಗಲೆಲ್ಲ ಒಂದೇ ಉತ್ತರ:

"ನೀನು ಕಟ್ಟಿದ ಹಲ್ಲು ಹಾಕ್ಕೊಂಡು ನಿನ್ನನ್ನೇ ಬೈದ್ರೆ ಅದು ದ್ರೋಹ ಆಗುತ್ತೆ ಕಣೆ. ಬೈಯೋದಂತೂ ಬಿಡೋಕಾಗಲ್ಲ. ಹಲ್ಲೇ ಬೇಡ ಬಿಡು."

ಗಂಡ ರೈಲು ಓಡಿಸುವವನು. ವಾರದಲ್ಲಿ ಐದು ದಿನ ಹಳಿಯ ಮೇಲೆ, ಎರಡು ದಿನ ಹಾಸಿಗೆಯ ಮೇಲೆ. ಹೀಗಾಗಿ ಐದನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಅತ್ತೆ-ಸೊಸೆ ಒಬ್ಬರನ್ನೊಬ್ಬರು ತಿಂದುಹಾಕದೆ ಉಳಿದದ್ದಕ್ಕೆ ಕಾರಣ ಒಂದೇ, ನಾಯಿ. ಗಂಡ ಯಾವುದೋ ನಿಲ್ದಾಣದಿಂದ ಕೋಟಿನೊಳಗೆ ಅಡಗಿಸಿಕೊಂಡು ತಂದದ್ದು. ಚಹದ ಬಣ್ಣ, ಒಂದು ಕಿವಿ ಮೇಲಕ್ಕೆ, ಒಂದು ಕಿವಿ ಕೆಳಕ್ಕೆ. ಜಾತಿ ಯಾವುದೆಂದು ಕೇಳಿದರೆ ಪಶುವೈದ್ಯರೇ ಕೈಮುಗಿದಿದ್ದರು. ಬಂದ ದಿನವೇ ಸೋಫಾ ಏರಿ, ಕಣ್ಣು ಅರ್ಧ ಮುಚ್ಚಿ, ಅಹವಾಲು ಕೇಳುವವನಂತೆ ಒರಗಿದ್ದರಿಂದ ಅತ್ತೆ ಅವನಿಗೆ 'ದಿವಾನ' ಎಂದು ಹೆಸರಿಟ್ಟಳು. ಅಹವಾಲಿಗೆ ಕೊರತೆಯೂ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅತ್ತೆ ಸೊಸೆಯ ಮೇಲಿನ ದೂರುಗಳನ್ನೆಲ್ಲ ಅವನ ಮುಂದೆ ಒಂದೊಂದಾಗಿ ಬಿಚ್ಚುವಳು. ಅವನು ಎಲ್ಲವನ್ನೂ ಕೇಳಿ, ದೀರ್ಘವಾಗಿ ಉಸಿರು ಬಿಟ್ಟು, ಯಾವ ಆಜ್ಞೆಯನ್ನೂ ಹೊರಡಿಸದೆ ನಿದ್ದೆ ಹೋಗುವನು. ಆಡಳಿತ ಎಂದರೆ ಅದು.

ಹೀಗಿರುವಾಗ ಕಟ್ಟಡದ ಸಂಘದವರು ಲಿಫ್ಟಿನಲ್ಲಿ ಕಾಗದ ಅಂಟಿಸಿದರು. ನಾಯಿ ಪಾರ್ಕಿನ ಹಿತ್ತಾಳೆ ಬಿಲ್ಲೆ ಕೊರಳಲ್ಲಿ ಇರುವ ನಾಯಿಗಳಿಗೆ ಮಾತ್ರ ಇನ್ನು ಈ ಕಟ್ಟಡದಲ್ಲಿ ಜಾಗ. ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ತಪಾಸಣೆ. ಬಿಲ್ಲೆ ಇಲ್ಲದಿದ್ದರೆ ದಿವಾನ ಹೋಗಬೇಕಾದದ್ದು ನಾದಿನಿಯ ಗಂಡನ ಮರದ ಡಿಪೋಗೆ. ಅಲ್ಲಿ ಎರಡು ಮೊಳದ ಸರಪಳಿ, ತಗಡಿನ ಗೂಡು, ರಾತ್ರಿ ಹಗಲು ಕಾವಲು. ಸೋಫಾದ ಮಾತಂತೂ ಕೇಳಲೇಬೇಡಿ.

"ಅವನನ್ನ ಕಳಿಸೋ ದಿನ ನನ್ನ ಪೆಟ್ಟಿಗೇನೂ ಕಟ್ಟಿಬಿಡು" ಎಂದಳು ಅತ್ತೆ. ಆವತ್ತು ಅವಳು ಬೈಯಲಿಲ್ಲ. ಪರಿಸ್ಥಿತಿ ಕೈಮೀರಿದೆಯೆಂದು ಸೊಸೆಗೆ ತಿಳಿದದ್ದು ಅದರಿಂದಲೇ.

ಬಿಲ್ಲೆ ಇತ್ತು. ಮೂರು ತಿಂಗಳ ಹಿಂದೆಯೇ ಸಿಕ್ಕಿತ್ತು. ಆದರೆ ಅದನ್ನು ಉಳಿಸಿಕೊಳ್ಳಲು ಪಾರ್ಕಿನ ಜನರನ್ನು ಸಹಿಸಬೇಕಿತ್ತಲ್ಲ!

ಆ ಪಾರ್ಕಿನಲ್ಲಿ ಮನುಷ್ಯರಿಗೆ ಹೆಸರಿಲ್ಲ. ನಾಯಿಗೆ ಹೆಸರು, ಮನುಷ್ಯರು ಅದರ ಅಪ್ಪ, ಅಮ್ಮ. 'ಸ್ನೋಯಿ ಅಮ್ಮ' ಎಂದರೆ ಪರದೆ ಬಟ್ಟೆಯ ಅಂಗಡಿಯವಳು, ಪಾರ್ಕಿನ ಸಂಘದ ಕಾರ್ಯದರ್ಶಿ. ಅವಳ ನಾಯಿ ಹತ್ತಿಯ ಉಂಡೆ. ಅದಕ್ಕೆ ಋತುವಿಗೊಂದು ಕೋಟು, ಬಣ್ಣಕ್ಕೊಂದು ಕ್ಲಿಪ್ಪು. ಅದು ಹುಲ್ಲಿನ ಮೇಲೆ ಕಾಲಿಟ್ಟರೆ ಅವಳು ಕಾಲು ಒರೆಸುತ್ತಾಳೆ, ಆಮೇಲೆ ಹುಲ್ಲನ್ನೂ ಒರೆಸುತ್ತಾಳೆ. 'ಬಂಟಿ ಅಪ್ಪ' ಎಂದರೆ ವಕೀಲ. ಅವನ ನಾಯಿಯ ಮೂಗು ಎಷ್ಟು ಚಪ್ಪಟೆಯೆಂದರೆ ಅದು ವಾಸನೆ ನೋಡಬೇಕಾದರೆ ಗೋಡೆಗೆ ಡಿಕ್ಕಿ ಹೊಡೆಯಬೇಕು. ವಕೀಲ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ "ದಿನಾ ನಾಲ್ಕು ಕಿಲೋಮೀಟರ್ ನಡೆಸ್ತೀನಿ" ಎನ್ನುತ್ತಾನೆ. ನಡೆಯುವುದು ಅವನು, ನಾಯಿ ಸವಾರಿ.

ಇವರೆಲ್ಲರ ನೆತ್ತಿಯ ಮೇಲೆ 'ಮೇಜರ್ ಅಪ್ಪ'. ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿ ನಿವೃತ್ತರಾದವರು, ಅದೇ ಪಾರ್ಕಿನ ಸಂಘದ ಅಧ್ಯಕ್ಷರು. ಅವರು ಮಾತಾಡುವಾಗ ಎದುರಿಗೆ ಇರುವುದು ಒಬ್ಬನೇ ಆದರೂ ಹಿಂದಿನ ಬೆಂಚಿಗೆ ಕೇಳಿಸಬೇಕು. ಅವರ ನಾಯಿ ಮೇಜರ್ ಹುಲಿಯಷ್ಟು ಎತ್ತರ, ಹೊಳೆಯುವ ಕಪ್ಪು ಮೈ. ಎಸೆದದ್ದನ್ನು ಹಿಡಿದು ತರುವ ವಾರ್ಷಿಕ ಸ್ಪರ್ಧೆಯಲ್ಲಿ ಸತತ ಮೂರು ವರ್ಷ ಪ್ರಥಮ. ಬಹುಮಾನ, ನಾಯಿ ಕಚ್ಚಿ ಆಡಲೆಂದು ಒಣಚರ್ಮ ಸುತ್ತಿ ಮಾಡಿದ ಮೊಳದುದ್ದದ ಒಂದು ಮೂಳೆ. ಅದನ್ನು ಪಾರ್ಕಿನ ಶೆಡ್ಡಿನಲ್ಲಿ ಗಾಜಿನ ಬೀರುವಿನೊಳಗೆ, ರಾಜನ ಕಿರೀಟ ಇಟ್ಟಂತೆ ಇಟ್ಟಿದ್ದರು. ಹೋಗುವವರು ಬರುವವರು ಅದರ ಮುಂದೆ ದನಿ ತಗ್ಗಿಸುತ್ತಿದ್ದರು.

"ಶಿಸ್ತು!" ಎನ್ನುತ್ತಿದ್ದರು ಪ್ರಿನ್ಸಿಪಾಲರು, ದಿವಾನನ ಕಡೆ ಬೆರಳು ಮಾಡಿ. "ನಾಯಿಗೆ ಬೇಕಾದ್ದು ಶಿಸ್ತು. ಇದನ್ನ ನೋಡಿ. ಮೂರು ತಿಂಗಳಿಂದ ಬರ್ತಿದೆ, ಒಂದು ಚೆಂಡಾದ್ರೂ ತಂದುಕೊಟ್ಟಿದೆಯಾ?"

"ಎಸೆದೋರೇ ಹೋಗಿ ತರಲಿ ಅಂತ ಅವನ ನಿಲುವು ಸರ್" ಎಂದಿದ್ದಳು ಹಲ್ಲು ಕಟ್ಟುವವಳು.

ಅವರು ನಗಲಿಲ್ಲ. ನಕ್ಕಿದ್ದರೂ ಅವಳಿಗೆ ಹೊಸದೇನೂ ಕಾಣುತ್ತಿರಲಿಲ್ಲ. ಇನ್ನೂರ ಏಳು. ಮೇಲಿನ ಸಾಲಿನ ಮುಂದಿನ ಆರು ಹಲ್ಲು, ಒಟ್ಟಿಗೆ ಕಟ್ಟಿ ಅಂಟಿಸಿದ್ದು. ಅದನ್ನು ಅವಳು ಸತ್ತರೂ ಮರೆಯಳು. ಡಬ್ಬಿಯ ಜೊತೆ ಡಾಕ್ಟರ ಚೀಟಿ ಬಂದಿತ್ತು: "ತುಂಬಾ ನೇರವಾಗಿದ್ದರೆ ಜನಕ್ಕೆ ಅನುಮಾನ ಬರುತ್ತೆ, ಒಂದು ಚೂರು ಸೊಟ್ಟ ಇರಲಿ ಅಂತ ರೋಗಿ ಕೇಳಿದ್ದಾರೆ." ಸುಳ್ಳು ಹಲ್ಲಿಗೆ ನಿಜದ ಸೊಟ್ಟ! ಅವಳು ಬಲಗಡೆಯ ಎರಡನೇ ಹಲ್ಲನ್ನು ಕೂದಲೆಳೆಯಷ್ಟು ಒಳಕ್ಕೆ ತಿರುಗಿಸಲು ಎರಡು ದಿನ ಹೆಣಗಿದ್ದಳು. ಭೂಮಿಯ ಮೇಲೆ ಅಷ್ಟು ಸೊಗಸಾದ ಸೊಟ್ಟ ಇನ್ನೊಂದಿಲ್ಲ.

ವಕೀಲ ನಾನೂರ ನಲವತ್ತೆಂಟು. ಪರದೆಯವಳು ಮುನ್ನೂರ ಹನ್ನೆರಡು. ಬಸ್ಸಿನಲ್ಲಿ ಆಕಳಿಸಿದವಳು ಅವಳೇ. ಪಾರ್ಕಿಗೆ ಬರುವ ಮೂವತ್ತೇಳು ಜನರಲ್ಲಿ ಇಪ್ಪತ್ತೊಂಬತ್ತು ಬಾಯಿ ಅವಳ ಕೈ ದಾಟಿ ಬಂದವು. ಆದರೆ ಅವರು ಒಬ್ಬರ ಮುಂದೊಬ್ಬರು "ನಮ್ಮ ವಂಶದಲ್ಲೇ ಹಲ್ಲು ಗಟ್ಟಿ" ಎಂದು ಕೊಚ್ಚಿಕೊಳ್ಳುವುದನ್ನು ಕೇಳುತ್ತ, ಇವಳು ಹುಲ್ಲು ಕೀಳುತ್ತ ಕೂರುತ್ತಿದ್ದಳು.

ಆ ಗುರುವಾರ ಬಿಸಿಲು ಜೋರಿತ್ತು. ಶೆಡ್ಡಿನ ಬಾಗಿಲು ತೆರೆದಿತ್ತು, ಒಳಗೆ ಫ್ಯಾನು ತಿರುಗುತ್ತಿತ್ತು. ದಿವಾನ ಸರ್ಕಾರಿ ಕಚೇರಿಗೆ ಹೋದಂತೆ ಹೋಗಿ ಮೇಜಿನ ಕೆಳಗೆ ಮಲಗಿದ. ಒಂದು ಗಂಟೆಯ ನಂತರ ಪರದೆಯವಳ ಕಿರುಚಾಟ ಕೇಳಿ ಮೂರು ಬೀದಿಯ ಕಾಗೆಗಳು ಎದ್ದವು.

"ಮೂಳೆ! ಬಹುಮಾನದ ಮೂಳೆ! ಯಾರೋ ಕಚ್ಚಿದ್ದಾರೆ!"

ಬೀರುವಿನೊಳಗಿನ ಮೂಳೆಯ ಒಂದು ತುದಿಯಲ್ಲಿ ಹಲ್ಲಿನ ಗುರುತು. ಮೇಜಿನ ಕೆಳಗೆ ದಿವಾನ. ಇನ್ನೇನು ಬೇಕು?

ಭಾನುವಾರ ಬೆಳಿಗ್ಗೆ ಶೆಡ್ಡಿನ ಮುಂದೆ ವಿಚಾರಣೆ. ಮೂವತ್ತೇಳು ಜನ ಅರ್ಧಚಂದ್ರಾಕಾರವಾಗಿ ನಿಂತಿದ್ದರು. ಹೆಣ ನೋಡಲು ಬಂದವರಿಗೂ ಅಷ್ಟು ಗಂಭೀರ ಮುಖ ಇರುವುದಿಲ್ಲ. ಪ್ರಿನ್ಸಿಪಾಲರು ಮೊದಲು ದಿವಾನನ ಕೊರಳಿನಿಂದ ಬಿಲ್ಲೆ ಬಿಚ್ಚಿ ತಮ್ಮ ಜೇಬಿಗೆ ಇಳಿಸಿದರು. ದಿವಾನ ಅವರ ಕೈ ನೆಕ್ಕಿದ. ಆತ್ಮಗೌರವ ಎನ್ನುವುದು ಅವನಿಗೆ ಹುಟ್ಟಿದಾಗಿನಿಂದಲೂ ಇರಲಿಲ್ಲ.

"ಬೀರುವಿಗೆ ಬೀಗ ಇತ್ತಲ್ವಾ ಮೇಡಂ?" ಎಂದು ಹಲ್ಲು ಕಟ್ಟುವವಳು ಕಾರ್ಯದರ್ಶಿಯನ್ನು ಕೇಳಿದಳು. "ನಾಯಿ ಬೀಗ ತೆಗೆದು, ಕಚ್ಚಿ, ಮತ್ತೆ ಬೀಗ ಹಾಕಿತಾ?"

"ಬೀದಿ ನಾಯಿಗಳಿಗೆ ಎಲ್ಲಾ ಗೊತ್ತಿರುತ್ತೆ" ಎಂದಳು ಪರದೆಯವಳು ಮೂಗು ಮುರಿದು. "ನಮ್ಮ ಸ್ನೋಯಿಗೆ ಡಬ್ಬಿ ಮುಚ್ಚಳ ತೆಗೆಯೋಕೂ ಬರಲ್ಲಪ್ಪ. ಮುಗ್ಧೆ."

"ಬೀಗದ ಪ್ರಶ್ನೆ ತಾಂತ್ರಿಕವಾದದ್ದು" ಎಂದ ವಕೀಲ, ಬಂಟಿಯನ್ನು ಈ ಕಂಕುಳಿಂದ ಆ ಕಂಕುಳಿಗೆ ವರ್ಗಾಯಿಸುತ್ತ. "ಆರೋಪಿ ಸ್ಥಳದಲ್ಲಿ ಸಿಕ್ಕಿದ್ದಾನೆ. ಅದೂ ಮಲಗಿ. ತಪ್ಪು ಮಾಡಿದ ಮೇಲೆ ಸುಸ್ತಾಗೋದು ಸಹಜ."

"ಅವನು ತಪ್ಪು ಮಾಡದೇನೂ ಸುಸ್ತಾಗ್ತಾನೆ ಸರ್. ಆ ಮೂಳೆ ಒಂಚೂರು ಕೊಡಿ, ನೋಡ್ತೀನಿ."

ಮೂಳೆ ಕೈಗೆ ಬಂತು. ಅವಳು ಅದನ್ನು ಬೆಳಕಿಗೆ ಹಿಡಿದಳು. ಹಿಡಿದವಳು ಹಾಗೆಯೇ ನಿಂತಳು.

ಬಾಗಿದ ಅಗಲವಾದ ಸಾಲು. ಆರು ಚಪ್ಪಟೆ ಗುರುತು. ಬಲಗಡೆಯ ಎರಡನೆಯದು ಕೂದಲೆಳೆಯಷ್ಟು ಒಳಕ್ಕೆ.

ಅವಳು ತಲೆಯೆತ್ತಿ ಪ್ರಿನ್ಸಿಪಾಲರನ್ನು ನೋಡಿದಳು. ಅವರು ಮೋಡ ನೋಡುತ್ತಿದ್ದರು. ಆಕಾಶದಲ್ಲಿ ಮೋಡ ಇರಲಿಲ್ಲ.

ಅಂದರೆ ಇವರಿಗೆ ಗೊತ್ತು! ಗೊತ್ತಿದ್ದೂ ಬಿಲ್ಲೆ ಜೇಬಿಗಿಳಿಸಿ, ಒಂದು ಸೋಮಾರಿ ಜೀವವನ್ನು ಸರಪಳಿಗೆ ಕಳಿಸಲು ನಿಂತಿದ್ದಾರೆ. ಅವಳ ಬಾಯಿಗೆ 'ಇನ್ನೂರ ಏಳು' ಎಂಬ ಮಾತು ಬಂದು, ಹಲ್ಲಿನ ಹಿಂದೆ ನಿಂತು, ಬಾಗಿಲು ಬಡಿಯಿತು. ಹೇಳಿದರೆ ನಾಯಿ ಉಳಿಯುತ್ತದೆ, ಕೆಲಸ ಹೋಗುತ್ತದೆ. ಹೇಳದಿದ್ದರೆ ನಾಯಿ ಹೋಗುತ್ತದೆ, ಅದರ ಹಿಂದೆ ಅತ್ತೆಯ ಪೆಟ್ಟಿಗೆ. ಅವಳು ಆ ಮಾತನ್ನು ಮಾತ್ರೆಯಂತೆ ನುಂಗಿದಳು. ಬೇರೆ ಯಾರಾದರೂ ಆಗಿದ್ದರೆ ಅಳುತ್ತಿದ್ದರು. ಇವಳು ಕೈಚೀಲಕ್ಕೆ ಕೈ ಹಾಕಿದಳು.

ಚೀಲದಲ್ಲಿ ಗುಲಾಬಿ ಮೇಣದ ಹಾಳೆಗಳಿದ್ದವು. ಅವಳ ಕಸುಬಿನವರು ಮೇಲಿನ ಕೆಳಗಿನ ಹಲ್ಲು ಕಚ್ಚುವ ಅಳತೆ ತೆಗೆಯುವುದು ಅದರಲ್ಲೇ. ಅವಳು ವಕೀಲನ ಫ್ಲಾಸ್ಕಿನಿಂದ ಬಿಸಿನೀರು ಸುರಿದುಕೊಂಡು ಒಂದು ಹಾಳೆಯನ್ನು ಮೆತ್ತಗೆ ಮಾಡಿ, ಮಡಿಸಿ, ದಿವಾನನ ಬಾಯಿಗೆ ಇಟ್ಟಳು. ದಿವಾನ ಅಭ್ಯಾಸಬಲದಿಂದ ಕಚ್ಚಿದ, ರುಚಿಯಿಲ್ಲವೆಂದು ಬಿಟ್ಟ.

"ನೋಡಿ. ನಾಯಿ ಕಚ್ಚಿದ್ರೆ ಹೀಗೆ. ಮುಂದೆ ಸಣ್ಣ ಸಾಲು, ಪಕ್ಕದಲ್ಲಿ ಎರಡು ಆಳವಾದ ತೂತು. ಈಗ ಮೂಳೆ ನೋಡಿ. ತೂತೆಲ್ಲಿ? ಸಾಲು ಎಷ್ಟು ಅಗಲ! ಇದು ನಾಯಿ ಬಾಯಲ್ಲ."

ಮೂಳೆಯೂ ಮೇಣವೂ ಕೈಯಿಂದ ಕೈಗೆ ಹೋದವು. ಕುರುಡನಿಗೂ ಕಾಣುವಂತಿತ್ತು.

"ಏನ್ ಹೇಳ್ತಿದ್ದೀರಿ ನೀವು?" ವಕೀಲನ ಹುಬ್ಬು ಗಂಟಾಯಿತು. "ಮನುಷ್ಯರು ಕಚ್ಚಿದ್ರು ಅಂತಾನಾ?"

"ನಾನು ಏನೂ ಹೇಳ್ತಿಲ್ಲ ಸರ್. ಮೇಣ ಹೇಳುತ್ತೆ." ಅವಳು ಚೀಲದಿಂದ ಉಳಿದ ಹಾಳೆಗಳನ್ನು ತೆಗೆದು ಎಲೆ ಅಡಿಕೆ ಹರವಿದಂತೆ ಹರವಿದಳು. "ನನ್ನ ಹತ್ರ ನಲವತ್ತು ಹಾಳೆ ಇದೆ. ಮೂವತ್ತೇಳು ಜನ ಇದ್ದೀರಿ. ಬನ್ನಿ, ಒಬ್ಬೊಬ್ಬರಾಗಿ ಕಚ್ಚಿ. ಮೂಳೆ ಪಕ್ಕ ಇಟ್ಟು ನೋಡೋಣ. ಯಾರ ಬಾಯಿ, ಯಾವ ಹಲ್ಲು, ಹುಟ್ಟಿದ್ದೋ ಕಟ್ಟಿಸಿದ್ದೋ, ಎಲ್ಲಾ ಇದರಲ್ಲಿ ಬರುತ್ತೆ. ಎರಡು ನಿಮಿಷದ ಕೆಲಸ. ಮೊದಲು ಯಾರು?"

ಆಗ ಆದದ್ದನ್ನು ನೋಡಲು ಏಳು ಜನ್ಮದ ಪುಣ್ಯ ಬೇಕು. ಮೂವತ್ತೇಳು ಬಾಯಿಗಳು ಒಂದೇ ಕ್ಷಣದಲ್ಲಿ ಮುಚ್ಚಿದ ಸದ್ದು ಅಂಗಡಿ ಬೀದಿಯ ಶಟರು ಎಳೆದಂತೆ ಕೇಳಿಸಿತು. ಅಂಗೈಗಳು ಮೇಲೆದ್ದವು. ಕರವಸ್ತ್ರಗಳು ಹೊರಬಂದವು. ಒಬ್ಬಳು ತನ್ನ ನಾಯಿಯನ್ನೇ ಎತ್ತಿ ಮುಖಕ್ಕೆ ಹಿಡಿದಳು. ಭಾನುವಾರ ಎಂಬುದನ್ನೂ ಮರೆತು ವಕೀಲ "ಕೋರ್ಟಿಗೆ ಹೊತ್ತಾಯ್ತು" ಎಂದು ಗೊಣಗಿ ಕಾಲು ಕಿತ್ತ.

"ಒಂದು ಹಳೇ ಮೂಳೆಗೆ ಇಷ್ಟೆಲ್ಲ ಯಾಕ್ರೀ," ಎಂದಳು ಪರದೆಯವಳು ಸೆರಗಿನ ಹಿಂದಿನಿಂದ. "ಚರ್ಮ ತಾನೇ ಹಾಗೆ ಸುಕ್ಕುಗಟ್ಟಿರಬಹುದು. ಸೆಕೆ."

"ನಿಮ್ಮ ವಂಶದಲ್ಲೇ ಹಲ್ಲು ಗಟ್ಟಿ ಅಂತಿದ್ರಲ್ಲ ಮೇಡಂ. ಒಂದೇ ಒಂದು ಸಲ ಕಚ್ಚಿ."

"ನಾನು ಈಗ ತಾನೇ ತಿಂಡಿ ತಿಂದೆ!"

ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡರು. ಜೀವಮಾನದಲ್ಲಿ ಮೊದಲ ಸಲ ಅವರ ಮಾತು ಮುಂದಿನ ಬೆಂಚಿಗೂ ಕೇಳಿಸಲಿಲ್ಲ. "ಆರೋಪ... ಕೈಬಿಡಲಾಗಿದೆ."

"ಬಿಲ್ಲೆ ಸರ್?"

"ಬಿಲ್ಲೆಯ ವಿಷಯ ಮುಂದಿನ ತಿಂಗಳ ಸಭೆಯಲ್ಲಿ ಪರಿಶೀಲಿಸಲಾಗುವುದು. ಅದಕ್ಕೊಂದು ಪದ್ಧತಿ ಇದೆ" ಎಂದು ಅವರು ಎರಡೂ ಗೇಟುಗಳನ್ನು ಪದ್ಧತಿ ಬಿಟ್ಟು ಒಟ್ಟಿಗೆ ತೆಗೆದು ಹೊರಟೇಹೋದರು.

ನಾಳೆ ಬೆಳಿಗ್ಗೆ ಹತ್ತಕ್ಕೆ ತಪಾಸಣೆ. ಬಿಲ್ಲೆ ಅವರ ಜೇಬಿನಲ್ಲಿ.

"ಅಯ್ಯೋ ಪೆದ್ದಿ," ಎಂದಳು ಅತ್ತೆ ಎಲ್ಲ ಕೇಳಿ. ಅವಳ ತೊಡೆಯ ಮೇಲೆ ದಿವಾನನ ತಲೆ. "ಗೆದ್ದು ಬಂದೆ ಅಂತ ಕುಣೀತಾ ಬಂದೆಯಲ್ಲ, ಕೊರಳು ನೋಡು, ಬೋಳು. ಆ ಮನುಷ್ಯನೇ ಕಚ್ಚಿದ್ದು ಅಂತ ಅಲ್ಲೇ ಕೂಗಬಾರದಿತ್ತೇನೇ?"

"ನಾನೆಲ್ಲಿ ಅವರು ಅಂದೆ ಅತ್ತೆ?"

"ಹಲ್ಲಿಲ್ಲದೋಳಿಗೆ ಬುದ್ಧೀನೂ ಇಲ್ಲ ಅಂದ್ಕೊಂಡ್ಯಾ? ತಪ್ಪು ಮಾಡದೋನು ಬಿಲ್ಲೆ ಹಿಡ್ಕೊಂಡು ಯಾಕೆ ಓಡ್ತಾನೆ?"

ಸೋಮವಾರ ನಸುಕಿನಲ್ಲೇ ಹಲ್ಲು ಕಟ್ಟುವವಳು ದಿವಾನನನ್ನು ಎಳೆದುಕೊಂಡು ಪಾರ್ಕಿಗೆ ಹೊರಟಳು. ಪ್ರಿನ್ಸಿಪಾಲರು ಯಾರಿಗಿಂತಲೂ ಮುಂಚೆ, ಐದೂವರೆಗೇ ಬರುತ್ತಾರೆಂದು ಕಾವಲುಗಾರ ಹೇಳಿದ್ದ. ಜನ ಸೇರುವ ಮೊದಲು ಬಿಲ್ಲೆ ಕೇಳಬೇಕು. ಕೊಡದಿದ್ದರೆ ಏನು ಮಾಡಬೇಕೆಂದು ಅವಳು ದಾರಿಯುದ್ದಕ್ಕೂ ಹದಿನೆಂಟು ಬಗೆಯಲ್ಲಿ ಯೋಚಿಸಿದ್ದಳು. ಹದಿನೆಂಟರಲ್ಲೂ ಕೊನೆಗೆ ಪ್ರಿನ್ಸಿಪಾಲರು ಮಣ್ಣಿನಲ್ಲಿ ಹೊರಳುತ್ತಿದ್ದರು.

ಗೇಟು ತೆಗೆದರೆ ಅವರು ನಿಜಕ್ಕೂ ಮಣ್ಣಿನಲ್ಲಿದ್ದರು.

ಶೆಡ್ಡಿನ ಹಿಂದಿನ ಹುಲ್ಲಿನಲ್ಲಿ ಪ್ರಿನ್ಸಿಪಾಲರು ನಾಲ್ಕು ಕಾಲಿನ ಮೇಲೆ ನಿಂತಿದ್ದರು. ಇಸ್ತ್ರಿ ಮಾಡಿದ ಪ್ಯಾಂಟಿನ ಮಂಡಿ ಹಸಿರಾಗಿತ್ತು. ಬಾಯಲ್ಲಿ ಬಹುಮಾನದ ಮೂಳೆ. ಅದನ್ನು ಕಚ್ಚಿಕೊಂಡು ಅವರು ಗಿಡದವರೆಗೆ ಹೋಗುವರು, ತಿರುಗುವರು, ತಂದು ಮೇಜರನ ಕಾಲ ಬುಡದಲ್ಲಿ ಇಡುವರು, "ಗೊತ್ತಾಯ್ತಾ? ಇಷ್ಟೇ!" ಎನ್ನುವರು. ಮೂರು ವರ್ಷದ ಚಾಂಪಿಯನ್, ಆ ಹುಲಿಯಂಥ ಮೇಜರ್, ಬಾಯಿ ತೆರೆದುಕೊಂಡು ಹಾರುವ ಪಾರಿವಾಳ ನೋಡುತ್ತಿತ್ತು. ಅಂಥ ದಡ್ಡ ಮುಖ ಇಡೀ ಪ್ರಾಣಿಸಂಕುಲದಲ್ಲಿ ಇನ್ನೊಂದಿಲ್ಲ. ಪ್ರಿನ್ಸಿಪಾಲರು ಮತ್ತೆ ಮೂಳೆ ಕಚ್ಚಿದರು, ಬೇಡಿಕೊಳ್ಳುವಂತೆ ಗುರ್ರೆಂದರು.

ಆ ಗುರ್ರಿಗೆ ಉತ್ತರ ಕೊಟ್ಟದ್ದು ದಿವಾನ.

ಜೀವನದಲ್ಲಿ ಒಂದು ಚೆಂಡಿನ ಹಿಂದೆ ಹೋಗದವನು, ಊಟದ ತಟ್ಟೆಯನ್ನೂ ಹತ್ತಿರ ತಂದಿಟ್ಟರೆ ಮಾತ್ರ ಗಮನಿಸುವವನು, ಬಾಣದಂತೆ ಓಡಿಹೋಗಿ ಮೂಳೆಯ ಇನ್ನೊಂದು ತುದಿಯನ್ನು ಕಚ್ಚಿ ಎಳೆದ. ಪ್ರಿನ್ಸಿಪಾಲರು ಬೆಚ್ಚಿದರು, ಆದರೆ ಬಿಡಲಿಲ್ಲ. ಅವರೂ ಎಳೆದರು. ಇವನೂ ಎಳೆದ. ಇಬ್ಬರೂ ಗುರ್ರೆನ್ನುತ್ತ ಗಿರಗಿರನೆ ಸುತ್ತಿದರು. ತನ್ನನ್ನು ಸರಪಳಿಗೆ ಕಳಿಸಲು ಹೊರಟವರ ಜೊತೆ ಆ ನಾಚಿಕೆಗೆಟ್ಟವನು ಬಾಲ ಅಲ್ಲಾಡಿಸಿಕೊಂಡು ಆಡುತ್ತಿದ್ದ! ಪ್ರಿನ್ಸಿಪಾಲರ ಕಣ್ಣು ಆರು ವರ್ಷದ ಹುಡುಗನ ಕಣ್ಣಾಗಿತ್ತು. ಹಲ್ಲು ಕಟ್ಟುವವಳಿಗೆ ಒಂದು ಕ್ಷಣ, ಒಂದೇ ಒಂದು ಕ್ಷಣ, ಅವರ ಮೇಲಿನ ತಿರಸ್ಕಾರ ಎಲ್ಲಿಟ್ಟೆ ಎಂದು ಹುಡುಕಬೇಕಾಯಿತು.

ಅಷ್ಟರಲ್ಲಿ 'ಟಕ್' ಎಂದಿತು.

ಬೇರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಅವಳಿಗೆ ಗುಡುಗಿನಂತೆ ಕೇಳಿಸಿತು. ಬಲಗಡೆಯ ಎರಡನೆಯದು.

ಪ್ರಿನ್ಸಿಪಾಲರು ಮೂಳೆ ಬಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು, ಆಗ ಅವಳನ್ನು ಕಂಡರು.

"ನೀವು... ಯಾವಾಗ ಬಂದ್ರಿ?"

"ಮೇಜರ್ ಪಾರಿವಾಳ ನೋಡ್ತಿದ್ದಾಗ."

ಅವರು ಎದ್ದು ಮಂಡಿ ಒರೆಸಿಕೊಂಡರು, ಹಸಿರು ಹೋಗಲಿಲ್ಲ. "ಅವನಿಗೆ ಹೇಳಿದ್ರೆ ಗೊತ್ತಾಗಲ್ಲ. ಮಾಡಿ ತೋರಿಸ್ಬೇಕು. ಪ್ರತಿ ವರ್ಷ ಸ್ಪರ್ಧೆಗೆ ಮುಂಚೆ ಒಂದು ತಿಂಗಳು. ಈ ಸಲ ಬೇರೆ ಯಾವ ವಸ್ತು ಕಂಡ್ರೂ ಅವನು ತಿರುಗಿ ನೋಡ್ತಿಲ್ಲ, ಈ ಮೂಳೆನೇ ಆಗ್ಬೇಕು."

"ಅದನ್ನ ನಿನ್ನೆ ಒಂದು ಮಾತಲ್ಲಿ ಹೇಳಿದ್ರೆ ಆಗ್ತಿತ್ತಲ್ಲ ಸರ್."

"ಮೂವತ್ತೇಳು ಜನದ ಮುಂದೆ?"

"ಇವನು ಇವತ್ತು ಹತ್ತು ಗಂಟೆಗೆ ಸರಪಳಿಗೆ ಹೋಗ್ತಿದ್ದ. ನಿಮ್ಮ ಮಾನ ಉಳೀಲಿ ಅಂತ. ಕಾಲೇಜಲ್ಲೂ ಹೀಗೇನಾ? ನೀವು ಗಾಜು ಒಡೆದು, ಕೊನೇ ಬೆಂಚಿನವನಿಗೆ ಶಿಕ್ಷೆ?"

ದಿವಾನ ಮೂಳೆಯನ್ನು ಕಚ್ಚಿಕೊಂಡು ಬಂದು, ಅವರ ಕಾಲ ಬುಡದಲ್ಲಿ ಇಟ್ಟು, ಇನ್ನೊಂದು ಸುತ್ತಿಗೆ ಬರುತ್ತೀರಾ ಎಂಬಂತೆ ಮುಖ ನೋಡಿದ. ಹಿಡಿದು ತಂದೇಬಿಟ್ಟಿದ್ದ, ಯಾವ ಶಿಸ್ತೂ ಇಲ್ಲದೆ. ಪ್ರಿನ್ಸಿಪಾಲರು ಒಂದು ಕೈಯನ್ನು ಬಾಯಿಂದ ತೆಗೆಯದೆಯೇ, ಇನ್ನೊಂದು ಕೈಯಲ್ಲಿ ಜೇಬಿನಿಂದ ಬಿಲ್ಲೆ ತೆಗೆದು, ಬಗ್ಗಿ, ತಾವೇ ಅವನ ಕೊರಳಿಗೆ ಸಿಕ್ಕಿಸಿದರು. ಕ್ಷಮೆ ಕೇಳಲಿಲ್ಲ. ಕೇಳುವ ಅಭ್ಯಾಸ ಇದ್ದರೆ ತಾನೇ?

"ಯಾರಿಗೂ..." ಎಂದರು.

"ನನ್ನ ಮೇಜಿಂದ ಬಾಯಿ ಆಚೆ ಹೋಗಲ್ಲ ಸರ್" ಎಂದಳು ಅವಳು. ಅವರಿಗೆ ಅದರ ಅರ್ಥವಾಗಲಿಲ್ಲ.

ಹತ್ತು ಗಂಟೆಯ ತಪಾಸಣೆಯಲ್ಲಿ ದಿವಾನ ಸೋಫಾದಿಂದ ಇಳಿಯದೆಯೇ ಪಾಸಾದ. ಕಟ್ಟಡದವರು ಬಗ್ಗಿ ಬಿಲ್ಲೆ ನೋಡಿದರು. ಅವನು ಅವರ ಅಹವಾಲನ್ನೂ ಕೇಳಿದಂತೆ ಮಾಡಿ ಕಣ್ಣು ಮುಚ್ಚಿದ. ಅತ್ತೆ ಅವರ ಮುಂದೆಯೇ ಸೊಸೆಯನ್ನು "ಬಾಗಿಲು ಮುಚ್ಚೋಕೂ ಬರಲ್ವೇನೇ" ಎಂದು ಬೈದಳು. ಮನೆ ಸರಿಹೋಯಿತು.

ಮಧ್ಯಾಹ್ನ ಡಾಕ್ಟರಿಂದ ರಟ್ಟಿನ ಡಬ್ಬಿ ಬಂತು. ಇನ್ನೂರ ಏಳು, ತುರ್ತು. ಬಲಗಡೆಯ ಎರಡನೆಯ ಹಲ್ಲಿನ ಮೂಲೆ ಹಾರಿಹೋಗಿತ್ತು. ಜೊತೆಗೆ ಚೀಟಿ: "ಬಾದಾಮಿ ಕಡಿಯುವಾಗ ಮುರಿಯಿತಂತೆ."

ಅತ್ತೆ ಹಿಂದಿನಿಂದ ಬಗ್ಗಿ ನೋಡಿದಳು. "ಯಾರದ್ದು ಅಂತ ನಾನು ಕೇಳಲ್ಲ. ಆದ್ರೆ ನಾನಾಗಿದ್ರೆ ಅಲ್ಲಿ ಒಂದು ಉದ್ದ ಕೋರೆಹಲ್ಲು ಕಟ್ಟಿ ಕಳಿಸ್ತಿದ್ದೆ."

ಹಲ್ಲು ಕಟ್ಟುವವಳಿಗೂ ಆಸೆಯಾಗದೆ ಇರಲಿಲ್ಲ. ಐದು ನಿಮಿಷ ಅವಳ ಕೈ ತುರಿಸಿತು. ಆದರೆ ಅಂಥ ಮನುಷ್ಯನ ಸಲುವಾಗಿ ತನ್ನ ಕೆಲಸ ಕೆಡಿಸಿಕೊಳ್ಳುವುದೆ? ಅಷ್ಟು ಬೆಲೆ ಅವರಿಗೆ ಯಾಕೆ? ಅವಳು ದೀಪ ಹತ್ತಿರಕ್ಕೆಳೆದು ಸಂಜೆಯವರೆಗೆ ಕೂತಳು. ಹಲ್ಲು ಮೊದಲಿಗಿಂತ ಚೆನ್ನಾಗಿ ಬಂತು, ಕೂದಲೆಳೆಯಷ್ಟು ಒಳಕ್ಕೆ ತಿರುಗಿ. ಒಳಗೆ ಮಾತ್ರ ಈ ಸಲ ದಪ್ಪ ಲೋಹ ಹಾಕಿದಳು, ಎತ್ತು ಎಳೆದರೂ ಅಲ್ಲಾಡದಂತೆ. ಸ್ಪರ್ಧೆಗೆ ಇನ್ನೂ ಮೂರು ವಾರ ಇತ್ತು. ದಿವಾನನಿಗೆ ಜೊತೆ ಬೇಕಲ್ಲ.

ಡಬ್ಬಿ ಮುಚ್ಚುವ ಮೊದಲು, ರೋಗಿಗೆ ತಲುಪಿಸಬೇಕಾದ ಸೂಚನೆಯ ಚೀಟಿಯಲ್ಲಿ ಅವಳು ದುಂಡಗಿನ ಅಕ್ಷರದಲ್ಲಿ ಬರೆದಳು:

"ಈ ಹಲ್ಲಿನಿಂದ ಬಾದಾಮಿಯನ್ನು ಕಡಿಯಬಹುದು. ಬಾದಾಮಿ ಎದುರಿನಿಂದ ಎಳೆದರೆ ಬಿಟ್ಟುಕೊಡುವುದು ಒಳ್ಳೆಯದು."